ಒಡೆದ ಮಡಕೆ, ಕೊಯ್ದ ಪಪ್ಪಾಯಿ: ಬೆಂಗಳೂರಲ್ಲಿ ಹುಟ್ಟಿದ ರುಮ್ಮಾನಾ ಹುಸೇನ್

1995ರಲ್ಲಿ ಮುಂಬೈನ ಎನ್‌ಸಿಪಿಎ ಆವರಣದಲ್ಲಿ, ನಲವತ್ತು ದಾಟಿದ ಕಲಾವಿದೆಯೊಬ್ಬರು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ನಿಧಾನವಾಗಿ ನಡೆದರು. ಕೈಯಲ್ಲಿ ಎರಡು ಹೋಳು ಮಾಡಿದ ಪಪ್ಪಾಯಿ. ನೆಲದ ಮೇಲೆ ಚೆಲ್ಲಿದ ಕೆಮ್ಮಣ್ಣು ಮತ್ತು ನೀಲಿಯ ಪುಡಿ. ಬಾಯಿ ಅಗಲವಾಗಿ ತೆರೆದಿತ್ತು, ಚೀರುವವರ ಬಾಯಿಯ ಹಾಗೆ. ದನಿ ಮಾತ್ರ ಹೊರಡಲಿಲ್ಲ. ಆ ಪ್ರದರ್ಶನದ ಹೆಸರು ‘ಲಿವಿಂಗ್ ಆನ್ ದಿ ಮಾರ್ಜಿನ್ಸ್’. ನಡೆದವರು ರುಮ್ಮಾನಾ ಹುಸೇನ್.

ಕಲೆಯೆಂದರೆ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುವ ಚಿತ್ರ ಎಂದೇ ನಂಬಿದ್ದ ಕಾಲ ಅದು. ಕಲಾವಿದೆಯೇ ಬಂದು, ತನ್ನ ಮೈಯನ್ನೇ ಕೃತಿಯಾಗಿ ಮುಂದಿಟ್ಟು, ಅಡುಗೆಮನೆಯ ಹಣ್ಣೊಂದನ್ನು ಹಿಡಿದು ನಿಲ್ಲುವುದು ನಮ್ಮ ದೇಶದಲ್ಲಿ ಆಗ ತೀರ ಹೊಸದು. ಇವತ್ತು ಭಾರತದ ಪರ್ಫಾರ್ಮೆನ್ಸ್ ಕಲೆ, ಇನ್‌ಸ್ಟಲೇಷನ್ ಮತ್ತು ಪ್ರಯೋಗಶೀಲ ಛಾಯಾಗ್ರಹಣದ ಚರಿತ್ರೆ ಬರೆಯುವವರು ಮೊದಲ ಪುಟಗಳಲ್ಲೇ ರುಮ್ಮಾನಾ ಅವರ ಹೆಸರನ್ನು ಬರೆಯಬೇಕಾಗುತ್ತದೆ. ಆದರೆ ಅವರು ಹುಟ್ಟಿದ ಬೆಂಗಳೂರಿನ ಓದುಗರಲ್ಲಿ ಈ ಹೆಸರು ಕೇಳಿದವರು ಬಹಳ ಕಡಿಮೆ.

ಹುಟ್ಟಿದ್ದು 1952ರಲ್ಲಿ. ತಂದೆ ಮೇಜರ್ ಜನರಲ್ ಇನಾಯತ್ ಹಬೀಬುಲ್ಲಾ, ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಅದರ ಆರಂಭದ ದಿನಗಳಲ್ಲಿ ಕಟ್ಟಿ ನಿಲ್ಲಿಸಿದ ಕಮಾಂಡೆಂಟ್. ತಾಯಿ ಬೇಗಂ ಹಮೀದಾ ಹಬೀಬುಲ್ಲಾ, ಲಖನೌದ ಹೆಸರಾಂತ ರಾಜಕಾರಣಿ. 1976ರಿಂದ 1982ರವರೆಗೆ ರಾಜ್ಯಸಭೆಯ ಸದಸ್ಯೆಯಾಗಿದ್ದರು. ದೇಶದ ಮೊದಲ ಮುಖ್ಯ ಮಾಹಿತಿ ಆಯುಕ್ತ ವಜಾಹತ್ ಹಬೀಬುಲ್ಲಾ ಇವರ ಅಣ್ಣ. ಸೈನ್ಯ, ಸರ್ಕಾರ, ಸಂಸತ್ತು ಎಲ್ಲವೂ ಮನೆಯೊಳಗೇ ಇದ್ದ ಕುಟುಂಬ. ಸ್ವತಂತ್ರ ಭಾರತವನ್ನು ತನ್ನದೆಂದು ಪ್ರಶ್ನೆಯಿಲ್ಲದೆ ನಂಬಿ ಬೆಳೆದ ಮನೆತನ. ಮುಂದೆ ರುಮ್ಮಾನಾ ಅವರ ಕಲೆಯಲ್ಲಿ ‘ಮನೆ’ ಮತ್ತು ‘ದೇಶ’ ಎಂಬ ಎರಡು ಮಾತುಗಳು ಮತ್ತೆ ಮತ್ತೆ ಒಟ್ಟಿಗೆ ಬಂದದ್ದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ.

1972ರಿಂದ 1974ರವರೆಗೆ ಅವರು ಇಂಗ್ಲೆಂಡಿನ ರೇವನ್ಸ್‌ಬರ್ನ್ ಕಲಾ ಕಾಲೇಜಿನಲ್ಲಿ ಓದಿದರು. ಭಾರತಕ್ಕೆ ಮರಳಿದ ಮೇಲೆ 1980ರ ದಶಕದುದ್ದಕ್ಕೂ ಬಿಡಿಸಿದ್ದು ಚಿತ್ರಗಳನ್ನೇ: ಮನುಷ್ಯಾಕೃತಿಗಳು ತುಂಬಿದ, ಕತೆ ಹೇಳುವ ತೈಲಚಿತ್ರಗಳು. 1989ರ ಹೊಸ ವರ್ಷದ ದಿನ ದೆಹಲಿಯ ಸಮೀಪದ ಸಾಹಿಬಾಬಾದಿನಲ್ಲಿ ಬೀದಿ ನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿ ಅವರ ಮೇಲೆ ಹಲ್ಲೆಯಾಯಿತು. ಮರುದಿನ ಅವರು ತೀರಿಕೊಂಡರು. ಆ ಸಾವಿನ ಬೆನ್ನಿಗೇ ಹುಟ್ಟಿದ ‘ಸಹಮತ್’ ಸಂಘಟನೆ ದೇಶದ ಕಲಾವಿದರನ್ನು ಬೀದಿಗೆ ಕರೆತಂದಿತು. ರುಮ್ಮಾನಾ ಕೂಡ ಆ ಬಳಗದ ಒಡನಾಟದಲ್ಲಿದ್ದವರು. ಆದರೂ ಅವರ ಕೈಯಲ್ಲಿ ಇನ್ನೂ ಕುಂಚವೇ ಇತ್ತು.

ಕುಂಚ ಕೆಳಗಿಟ್ಟದ್ದು 1992ರ ಡಿಸೆಂಬರ್ 6ರ ನಂತರ.

ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ಆ ತಿಂಗಳು ಮತ್ತು ಮುಂದಿನ ಜನವರಿಯಲ್ಲಿ ಮುಂಬೈ ಹೊತ್ತಿ ಉರಿಯಿತು. ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ ಲೆಕ್ಕ ಹಾಕಿದ ಪ್ರಕಾರ ಸತ್ತವರು 900 ಮಂದಿ. ಆ ಊರಿನಲ್ಲಿ ಹೆಸರೇ ಗುರುತಾಗಿಬಿಟ್ಟಿತ್ತು. ಬಾಗಿಲ ಮೇಲಿನ ಹೆಸರು ಓದಿ ಮನೆಯೊಳಗಿನವರು ಯಾರೆಂದು ತೀರ್ಮಾನಿಸುವ ದಿನಗಳು ಬಂದಿದ್ದವು. ಅದುವರೆಗೆ ಕಲಾವಿದೆ, ಹೆಂಡತಿ, ತಾಯಿ ಆಗಿದ್ದ ರುಮ್ಮಾನಾ ಹುಸೇನ್ ಇದ್ದಕ್ಕಿದ್ದಂತೆ ಎಲ್ಲರ ಕಣ್ಣಿಗೆ ‘ಮುಸ್ಲಿಂ ಹೆಂಗಸು’ ಆದರು. ಇಂಥ ಅನುಭವವನ್ನು ಬಣ್ಣದಲ್ಲಿ ಚಂದವಾಗಿ ಬಿಡಿಸಿ ತೋರಿಸುವುದು ಅವರಿಂದ ಆಗಲಿಲ್ಲ. ಒಡೆದದ್ದನ್ನು ಹೇಳಲು ಒಡೆದ ವಸ್ತುವನ್ನೇ ತಂದಿಟ್ಟರು.

1993ರ ಕೃತಿಗಳಲ್ಲಿ ಕಾಣುವುದು ಮಣ್ಣಿನ ಮಡಕೆ. ಕುಂಬಾರನ ಅಂಗಡಿಯಲ್ಲಿ ಸಿಗುವಂಥದ್ದೇ. ಅದನ್ನು ಅವರು ನಡುವೆ ಸೀಳಿದರು, ಕೆಲವನ್ನು ಒಡೆದರು. ಚೂರುಗಳನ್ನು ಕನ್ನಡಿಯ ಮೇಲೆ, ಮರದ ಹಲಗೆಯ ಮೇಲೆ ಜೋಡಿಸಿದರು. ಗುಮ್ಮಟದ ಹಾಗೆ ಉಬ್ಬಿದ ಅರ್ಧ ಮಡಕೆಯನ್ನು ಕನ್ನಡಿಗೆ ಒತ್ತಿ ಇಟ್ಟರೆ ಪ್ರತಿಬಿಂಬ ಸೇರಿ ಮಡಕೆ ಇಡಿಯಾಗಿ ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಇಡಿತನ ಕರಗಿಹೋಗಿ ಸೀಳು ಮಾತ್ರ ಉಳಿಯುತ್ತದೆ. ನೋಡುವವರ ಮುಖವೂ ಅದೇ ಕನ್ನಡಿಯಲ್ಲಿ, ಚೂರುಗಳ ನಡುವೆ ಕಾಣಿಸಿಕೊಳ್ಳುತ್ತದೆ. ‘ನಾನು ಅಲ್ಲಿ ಇರಲಿಲ್ಲ’ ಎಂದು ಯಾರೂ ಜಾರಿಕೊಳ್ಳುವ ಹಾಗಿಲ್ಲ. ಇಷ್ಟನ್ನು ಸಾಧಿಸಲು ಅವರಿಗೆ ಬೇಕಾದದ್ದು ಮಡಕೆ, ಕನ್ನಡಿ, ಸ್ವಲ್ಪ ಕೆಮ್ಮಣ್ಣು.

ಈ ವಸ್ತುಗಳ ಅರ್ಥವನ್ನು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮದುವೆಯಲ್ಲಿ ಐರಾಣಿ ಮಡಕೆ ಬರುತ್ತದೆ; ಸಾವಿನಲ್ಲಿ ನೀರು ತುಂಬಿದ ಮಡಕೆಗೆ ತೂತು ಹೊಡೆದು, ಚಿತೆ ಸುತ್ತಿ, ಕೊನೆಗೆ ಅದನ್ನು ಒಡೆಯುತ್ತಾರೆ. ಕೆಮ್ಮಣ್ಣಿನಿಂದ ಜಗಲಿ ಬಳಿದು ಅಂಚಿಗೆ ಸುಣ್ಣದ ಗೆರೆ ಎಳೆಯುವುದನ್ನು ಹಳ್ಳಿಯ ಮನೆಗಳಲ್ಲಿ ಹೆಂಗಸರೇ ಮಾಡಿಕೊಂಡು ಬಂದಿದ್ದಾರೆ. ಗೋವಾ ಮತ್ತು ಉತ್ತರ ಕನ್ನಡದ ದೇವಸ್ಥಾನಗಳ ಗೋಡೆಯ ಮೇಲಿನ ಕಾವಿ ಕಲೆಯೂ ಇದೇ ಕೆಂಪು ಮಣ್ಣು ಮತ್ತು ಸುಣ್ಣದ ಕೆಲಸ. ಯಾರ ಮತಕ್ಕೂ ಸೇರದ, ಎಲ್ಲರ ಮನೆಯಲ್ಲೂ ಇರುವ ಸಾಮಗ್ರಿಯನ್ನೇ ರುಮ್ಮಾನಾ ಬೇಕೆಂದು ಆರಿಸಿಕೊಂಡರು. ಮಸೀದಿಯ ಗುಮ್ಮಟವನ್ನೂ ತಾಯಿಯ ಬಸಿರನ್ನೂ ಒಂದೇ ಮಡಕೆಯಲ್ಲಿ ಕಾಣಿಸಿದರು.

ಪಪ್ಪಾಯಿಯ ಆಯ್ಕೆ ಇನ್ನೂ ಸೂಕ್ಷ್ಮ. ಗೋವಾದ ಕೆಪೆಯ ಹಿತ್ತಿಲಿರಲಿ, ಧಾರವಾಡದ ಅಂಗಳವಿರಲಿ, ಈ ಮರ ಇಲ್ಲದ ಬೀದಿ ಸಿಗುವುದು ಕಷ್ಟ. ಆದರೆ ಇದು ಈ ನೆಲದಲ್ಲಿ ಹುಟ್ಟಿದ್ದಲ್ಲ. ಮಧ್ಯ ಅಮೆರಿಕದ ಗಿಡ. ಐರೋಪ್ಯರ ಹಡಗುಗಳ ಓಡಾಟದಲ್ಲಿ 16ನೆಯ ಶತಮಾನದಲ್ಲಿ ಏಷ್ಯಾಕ್ಕೆ ಬಂತು. 1583ರಿಂದ 1588ರವರೆಗೆ ಗೋವಾದಲ್ಲಿದ್ದ ಡಚ್ ಯಾತ್ರಿಕ ಲಿನ್‌ಶೋಟೆನ್ ತನ್ನ ಗ್ರಂಥದಲ್ಲಿ ಇದನ್ನು ಹೊರಗಿನಿಂದ ಬಂದ ಹಣ್ಣೆಂದೇ ವರ್ಣಿಸಿದ್ದಾನೆ. ನಾಲ್ಕು ಶತಮಾನಗಳಲ್ಲಿ ಅದು ಎಷ್ಟು ನಮ್ಮದಾಯಿತೆಂದರೆ, ಬಸುರಿಯರು ಪಪ್ಪಾಯಿ ತಿನ್ನಬಾರದೆಂಬ ಕಟ್ಟುನಿಟ್ಟು ಇಲ್ಲಿನ ಮನೆಮನೆಯ ಅಜ್ಜಿಯರ ಬಾಯಲ್ಲಿ ನಿಂತಿದೆ. ಕೊಯ್ದು ಹೋಳು ಮಾಡಿದಾಗ ಕಾಣುವ ಕೆಂಪು ತಿರುಳು, ನಡುವೆ ಪೊಳ್ಳು, ಅಲ್ಲಿ ಅಂಟಿಕೊಂಡ ಕಪ್ಪು ಬೀಜಗಳು. ಗರ್ಭವೂ ಅದೇ, ಗಾಯವೂ ಅದೇ. ಜೊತೆಗೆ ಅದು ಎರಡು ದಿನದಲ್ಲಿ ಕೊಳೆಯುತ್ತದೆ. ದೇಹದ ಬಗ್ಗೆ ಕಲಾಕೃತಿ ಮಾಡಹೊರಟವರಿಗೆ ಇದಕ್ಕಿಂತ ಸತ್ಯವಾದ ಸಾಮಗ್ರಿ ಸಿಗುವುದಿಲ್ಲ.

ಕ್ಯಾಮೆರಾ ಅವರ ಕೈಗೆ ಬಂದದ್ದು ಇದೇ ದಾರಿಯಲ್ಲಿ. 1996ರಲ್ಲಿ ಮುಂಬೈನ ಚೆಮೋಲ್ಡ್ ಗ್ಯಾಲರಿಯಲ್ಲಿ ‘ಹೋಮ್/ನೇಷನ್’ ತೆರೆಯಿತು. ಕೆಕೂ ಗಾಂಧಿ ಮತ್ತು ಖೋರ್ಶೇದ್ ಗಾಂಧಿ ದಂಪತಿ 1963ರಲ್ಲಿ ಕಟ್ಟಿದ, ದೇಶದ ಆಧುನಿಕ ಚಿತ್ರಕಲೆಗೆ ಆಸರೆಯಾಗಿದ್ದ ಗ್ಯಾಲರಿ ಅದು. ಅಲ್ಲಿ ರುಮ್ಮಾನಾ ಫೋಟೊ, ಬರಹ, ಪ್ಲಾಸ್ಟಿಕ್, ಮನೆಬಳಕೆಯ ಸಾಮಾನು ಎಲ್ಲವನ್ನೂ ಸೇರಿಸಿ ಒಂದು ಕೋಣೆಯಷ್ಟು ದೊಡ್ಡ ಕೃತಿ ಕಟ್ಟಿದರು. ಅದರಲ್ಲಿ ಮೂರು ಬಗೆಯ ಚಿತ್ರಗಳು ಅಕ್ಕಪಕ್ಕ ಬರುತ್ತವೆ: ಕಟ್ಟಡದ ಕಮಾನು, ಕಲಾವಿದೆಯ ತೆರೆದ ಬಾಯಿ, ಕೊಯ್ದ ಪಪ್ಪಾಯಿ. ಮೂರರ ಆಕಾರವೂ ಹೆಚ್ಚುಕಡಿಮೆ ಒಂದೇ. ಕಣ್ಣು ಒಂದರಿಂದ ಇನ್ನೊಂದಕ್ಕೆ ಹಾಯುವಾಗ ಇತಿಹಾಸ, ಮೈ, ಮನೆ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಸುಂದರವಾದ ಫೋಟೊ ತೆಗೆಯಬೇಕೆಂಬ ಆಸೆ ಇಲ್ಲಿಲ್ಲ. ಫೋಟೊ ಇಲ್ಲಿ ದಾಖಲೆ. ಕೋರ್ಟಿನ ಕಡತದೊಳಗಿನ ಕಾಗದದಂತೆ ಅದಕ್ಕೊಂದು ಕೆಲಸವಿದೆ.

ಕ್ಯಾಮೆರಾವನ್ನು ಹೀಗೆ ಬೇರೆ ಕೆಲಸಕ್ಕೆ ಹಚ್ಚಿದ ಮೊದಲ ಭಾರತೀಯ ಮಹಿಳೆ ರುಮ್ಮಾನಾ ಅಲ್ಲ. 1969ರಲ್ಲಿ ಅಕ್ಬರ್ ಪದಮ್‌ಸೀ ಮುಂಬೈನಲ್ಲಿ ನಡೆಸಿದ ವಿಷನ್ ಎಕ್ಸ್‌ಚೇಂಜ್ ಕಾರ್ಯಾಗಾರದಲ್ಲಿ ಆಗಿನ್ನೂ ಇಪ್ಪತ್ತಮೂರರ ಆಸುಪಾಸಿನಲ್ಲಿದ್ದ ನಳಿನಿ ಮಲಾನಿ ಕ್ಯಾಮೆರಾ ಇಲ್ಲದೆಯೇ, ಕಾಗದದ ಮೇಲೆ ನೇರವಾಗಿ ಬೆಳಕು ಬಿಟ್ಟು ಫೋಟೊಗ್ರಾಮ್‌ಗಳನ್ನು ಮಾಡಿದ್ದರು. ‘ಡ್ರೀಮ್ ಹೌಸಸ್’ ಎಂಬ ಪ್ರಯೋಗಶೀಲ ಚಿತ್ರವನ್ನೂ ತೆಗೆದಿದ್ದರು. ಆ ಕೆಲಸ ದಶಕಗಳ ಕಾಲ ಯಾರ ಗಮನಕ್ಕೂ ಬರಲಿಲ್ಲ. ಗೆರೆಗಳ ಚಿತ್ರಗಳಿಗೆ ಹೆಸರಾದ ನಸ್ರೀನ್ ಮೊಹಮದಿ ಬಾಳಿನುದ್ದಕ್ಕೂ ರಸ್ತೆಯ ಪಟ್ಟೆ, ನೆರಳು, ಮಗ್ಗದ ನೂಲುಗಳ ಫೋಟೊ ತೆಗೆದರು. 1990ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಫೋಟೊಗಳು ಪ್ರದರ್ಶನಕ್ಕೇ ಬರಲಿಲ್ಲ. ಈ ದೇಶದಲ್ಲಿ ಹೆಣ್ಣುಮಕ್ಕಳ ಪ್ರಯೋಗಗಳ ಚರಿತ್ರೆ ಹೆಚ್ಚಾಗಿ ಹೀಗೆ ಪೆಟ್ಟಿಗೆಯೊಳಗೇ ಉಳಿದ ಚರಿತ್ರೆ.

ಹೊರಗಿನ ಲೋಕದಲ್ಲೂ ಬಹುಪಾಲು ಹಾಗೆಯೇ. ಮೊದಲ ಮಹಾಯುದ್ಧ ಮುಗಿದ ಬರ್ಲಿನ್‌ನಲ್ಲಿ ಹನ್ನಾ ಹೋಖ್ ಪತ್ರಿಕೆಗಳ ಫೋಟೊಗಳನ್ನು ಕತ್ತರಿಸಿ ಅಂಟಿಸಿ ಹೊಸ ಚಿತ್ರಭಾಷೆ ಕಟ್ಟಿದರೂ ಜೊತೆಗಿದ್ದ ಗಂಡಸರಿಗೆ ಸಿಕ್ಕ ಮಾನ್ಯತೆ ಅವರಿಗೆ ತಡವಾಗಿ ಬಂತು. 1975ರಲ್ಲಿ ಅಮೆರಿಕದ ಮಾರ್ಥಾ ರಾಸ್ಲರ್ ಅಡುಗೆಮನೆಯ ಸಲಕರಣೆಗಳನ್ನು ಒಂದೊಂದಾಗಿ ಎತ್ತಿ ಹೆಸರು ಹೇಳುವ ಪುಟ್ಟ ವಿಡಿಯೊ ಮಾಡಿ, ಚಾಕು ಚಮಚಗಳೊಳಗೆ ಅಡಗಿದ ಸಿಟ್ಟನ್ನು ಹೊರಗೆ ತಂದರು. ಆದರೆ ರುಮ್ಮಾನಾ ಅವರ ಮನೆಸಾಮಾನು ಬರಿಯ ಹೆಣ್ಣಿನ ದುಡಿಮೆಯ ಗುರುತಲ್ಲ. ಅದರಲ್ಲಿ ಗಲಭೆಯಲ್ಲಿ ಚೆಲ್ಲಾಪಿಲ್ಲಿಯಾದ ಮನೆಯೂ ಇದೆ, ಸಂವಿಧಾನ ಕೊಟ್ಟ ಮಾತೂ ಇದೆ.

ಈ ಹೊತ್ತಿಗೆ ಅವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಶಸ್ತ್ರಚಿಕಿತ್ಸೆಯೂ ಆಯಿತು. ಅಲ್ಲಿಂದ ಮುಂದಿನ ಮೂರ್ನಾಲ್ಕು ವರ್ಷ ಅವರು ಮಾಡಿದ ಕೆಲಸದ ವೇಗ ನೋಡಿದರೆ ಬೆರಗಾಗುತ್ತದೆ.

1997ರಲ್ಲಿ ‘ದಿ ಟೂಮ್ ಆಫ್ ಬೇಗಂ ಹಜ್ರತ್ ಮಹಲ್’. ಅವಧದ ನವಾಬ ವಾಜಿದ್ ಅಲಿ ಶಾ ಅವರನ್ನು 1856ರಲ್ಲಿ ಕಂಪನಿ ಸರ್ಕಾರ ಪಟ್ಟದಿಂದಿಳಿಸಿತು; ಅವರು ಕಲ್ಕತ್ತೆಗೆ ಹೋದರು. ಹಿಂದೆ ಉಳಿದ ಹಜ್ರತ್ ಮಹಲ್ 1857ರಲ್ಲಿ ಮಗ ಬಿರ್ಜಿಸ್ ಖದ್ರ್‌ನನ್ನು ಪಟ್ಟಕ್ಕೆ ಕೂರಿಸಿ ಲಖನೌದ ಹೋರಾಟ ನಡೆಸಿದಳು. ಸೋತ ಮೇಲೂ ಬ್ರಿಟಿಷರ ಕ್ಷಮಾದಾನಕ್ಕೆ ಕೈಯೊಡ್ಡದೆ ನೇಪಾಳಕ್ಕೆ ಹೋಗಿ, 1879ರಲ್ಲಿ ಕಠ್ಮಂಡುವಿನಲ್ಲಿ ತೀರಿಕೊಂಡಳು. ಝಾನ್ಸಿಯ ರಾಣಿ, ಕಿತ್ತೂರು ಚೆನ್ನಮ್ಮ ಎಂದರೆ ಶಾಲೆಯ ಮಕ್ಕಳಿಗೂ ಗೊತ್ತು. ಹಜ್ರತ್ ಮಹಲ್ ಹೆಸರು ಅಷ್ಟು ದೂರ ತಲುಪಲಿಲ್ಲ. ತಾಯಿಯ ಊರಾದ ಲಖನೌದ ಈ ಮರೆತುಹೋದ ಬೇಗಂಗೆ ರುಮ್ಮಾನಾ ಗೋರಿ ಕಟ್ಟಿದರು. ಅಮೃತಶಿಲೆ ಬಳಸಲಿಲ್ಲ; ಹೋಳಾದ ಪಪ್ಪಾಯಿ, ತುಕ್ಕು ಹಿಡಿದ ಸಲಕರಣೆ, ಬಟ್ಟೆ, ಬಳೆ ಇವೇ ಸಾಮಗ್ರಿ. ತಾವೇ ಬೇಗಂ ಆಗಿ ನಿಂತು ಫೋಟೊ ತೆಗೆಸಿಕೊಂಡರು. ಆ ಫೋಟೊಗಳಲ್ಲಿ ಯಾರು ಬೇಗಂ, ಯಾರು ಕಾಯಿಲೆಯ ಜೊತೆ ಸೆಣಸುತ್ತಿರುವ ಕಲಾವಿದೆ ಎಂದು ಬೇರ್ಪಡಿಸುವುದು ಕಷ್ಟ. ಇಬ್ಬರೂ ಶರಣಾಗತಿ ಒಪ್ಪದವರು.

1998ರ ‘ಈಸ್ ಇಟ್ ವಾಟ್ ಯು ಥಿಂಕ್?’ ಇನ್ನೂ ನೇರ. ಜನರೆದುರು ಕುಳಿತು ಅವರು ಒಬ್ಬ ಮುಸ್ಲಿಂ ಹೆಣ್ಣಿನ ಬಗ್ಗೆ ಪ್ರಶ್ನೆಗಳನ್ನು ಓದುತ್ತಾ ಹೋದರು. ಅವಳು ಏನು ಉಡುತ್ತಾಳೆ, ಏನನ್ನು ನಂಬುತ್ತಾಳೆ, ಅವಳ ಮೈಯ ಮೇಲೆ ಯಾರ ಹಕ್ಕು ಎಂಬ ಬಗೆಯ ಪ್ರಶ್ನೆಗಳು. ಯಾವುದಕ್ಕೂ ಅವರು ಉತ್ತರ ಕೊಡಲಿಲ್ಲ. ಸ್ತನ ತೆಗೆದ ಜಾಗದಲ್ಲಿ ಇಟ್ಟುಕೊಳ್ಳುವ ಕೃತಕ ಅಂಗವನ್ನೂ ಮರೆಮಾಚಲಿಲ್ಲ. ಕ್ಯಾನ್ಸರ್ ಎಂಬ ಮಾತನ್ನೇ ಮನೆಯವರು ಪಿಸುದನಿಯಲ್ಲಿ ಆಡುತ್ತಿದ್ದ ಕಾಲದಲ್ಲಿ ಇಂಥ ಧೈರ್ಯ ತೋರಿದವರು ಬೆರಳೆಣಿಕೆಯಷ್ಟು. ಅದೇ ವರ್ಷ ನ್ಯೂಯಾರ್ಕಿನ ಆರ್ಟ್ ಇನ್ ಜನರಲ್ ಸಂಸ್ಥೆಯಲ್ಲಿ ಇದ್ದುಕೊಂಡು, ಆ ನಗರವನ್ನೂ ಮುಂಬೈಯನ್ನೂ ಜೋಡಿಸುವ ‘ಇನ್ ಆರ್ಡರ್ ಟು ಜಾಯಿನ್’ ಕೃತಿಯನ್ನು ಮಾಡಿದರು.

ಕೊನೆಯದು ‘ಎ ಸ್ಪೇಸ್ ಫಾರ್ ಹೀಲಿಂಗ್’. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆಯುವ ಏಷ್ಯಾ-ಪೆಸಿಫಿಕ್ ತ್ರೈವಾರ್ಷಿಕ ಕಲಾಮೇಳದ ಮೂರನೆಯ ಆವೃತ್ತಿಗೆ ಅವರು ಸಿದ್ಧಪಡಿಸಿದ್ದು. ಕುಂಕುಮದ ಕೆಂಪು ಬಳಿದ ಗೋಡೆಗಳು, ಅದರ ಮೇಲೆ ಲಿಪಿಯ ಸಾಲಿನ ಹಾಗೆ ಬಾಗಿ ನಿಂತ ಲೋಹದ ಹತ್ಯಾರಗಳು, ನೆಲದಲ್ಲಿ ಆಸ್ಪತ್ರೆಯ ಸ್ಟ್ರೆಚರ್ ಎನಿಸುವ, ನಮಾಜಿನ ಚಾಪೆಯೂ ಎನಿಸುವ ಬಟ್ಟೆಯ ಹಾಸುಗಳು, ಚಿನ್ನದ ಬಣ್ಣ ಬಳಿದ ವಸ್ತುಗಳು. ಒಳಗೆ ಕಾಲಿಟ್ಟವರಿಗೆ ಅದು ದರ್ಗಾವೋ ವಾರ್ಡೋ ಎಂದು ತಕ್ಷಣ ತಿಳಿಯುವುದಿಲ್ಲ. ವಾಸಿಯಾಗಬೇಕೆಂದು ಬಂದವರು ಎರಡೂ ಕಡೆ ಒಂದೇ ರೀತಿ ಕಾಯುತ್ತಾರೆ. ಮೇಳ 1999ರ ಸೆಪ್ಟೆಂಬರಿನಲ್ಲಿ ತೆರೆಯಿತು. ರುಮ್ಮಾನಾ ಅದೇ ವರ್ಷದ ಜುಲೈನಲ್ಲಿ, ನಲವತ್ತೇಳನೆಯ ವಯಸ್ಸಿಗೆ ತೀರಿಕೊಂಡಿದ್ದರು. ಆ ಕೃತಿ ಈಗ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿದೆ.

ಅವರು ಮರೆವಿಗೆ ಸರಿದದ್ದು ಹೇಗೆ? ಮೊದಲ ಕಾರಣ ಕೃತಿಗಳ ಸ್ವಭಾವದಲ್ಲೇ ಇದೆ. ಕ್ಯಾನ್ವಾಸನ್ನು ಸುತ್ತಿ ಇಡಬಹುದು, ಮಾರಬಹುದು, ಮೊಮ್ಮಕ್ಕಳಿಗೆ ಬಿಟ್ಟುಹೋಗಬಹುದು. ನಡೆದು ಮುಗಿದ ಪರ್ಫಾರ್ಮೆನ್ಸನ್ನು, ಕೊಳೆತ ಹಣ್ಣನ್ನು ಯಾವ ಗೋದಾಮಿನಲ್ಲಿ ಇಡುವುದು? ಉಳಿಯುವುದು ಅದರ ಫೋಟೊ, ವಿಡಿಯೊ, ಕಲಾವಿದೆಯ ಟಿಪ್ಪಣಿ ಮಾತ್ರ. ಎರಡನೆಯದು ಕಾಲ. ಭಾರತದ ಸಮಕಾಲೀನ ಕಲೆಗೆ ಹರಾಜಿನಲ್ಲಿ ಕೋಟಿಗಳ ಬೆಲೆ ಬಂದದ್ದು 2000ದ ನಂತರ. ದೇಶದ ಇನ್‌ಸ್ಟಲೇಷನ್ ಕಲೆಗೆ ದೊಡ್ಡ ವೇದಿಕೆಯಾದ ಕೊಚ್ಚಿ ಬಿನಾಲೆ ಶುರುವಾದದ್ದು 2012ರಲ್ಲಿ. ಅಷ್ಟರಲ್ಲಿ ಅವರು ಇರಲಿಲ್ಲ. ಮೂರನೆಯದು, ಗೀತಾ ಕಪೂರ್ ಅವರಂಥ ಹಿರಿಯ ವಿಮರ್ಶಕರು ರುಮ್ಮಾನಾ ಬಗ್ಗೆ ಮನತುಂಬಿ ಬರೆದರೂ ಆ ಬರಹಗಳು ಇಂಗ್ಲಿಷಿನಲ್ಲೇ ಉಳಿದವು.

ಅವರು ತೋರಿದ ದಾರಿ ಮಾತ್ರ ಒಂಟಿಯಾಗಿರಲಿಲ್ಲ, ಅದರಲ್ಲೂ ಕರ್ನಾಟಕಕ್ಕೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಕೂಡ 1990ರ ದಶಕದ ಅದೇ ಬಿಸಿಯಲ್ಲಿ ತೈಲಚಿತ್ರ ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. 1998ರ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ಸೂಜಿಗಳಿಗೆ ಪೋಣಿಸಿದ ಉದ್ದನೆಯ ದಾರಗಳನ್ನು ಕುಂಕುಮ ಮತ್ತು ಅಂಟಿನಲ್ಲಿ ಒಟ್ಟುಗೂಡಿಸಿ, ಕೋಣೆಯ ತುಂಬ ಹರಿಯುವ ಕೆಂಪು ಹಗ್ಗ ಹೊಸೆದರು. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪುಷ್ಪಮಾಲಾ ಎನ್. ಟೆರ್ರಾಕೋಟಾ ಶಿಲ್ಪದಿಂದ ಹೊರಟು, 1990ರ ದಶಕದ ನಡುವೆ ಕ್ಯಾಮೆರಾದ ಮುಂದೆ ತಾವೇ ವೇಷ ಹಾಕಿ ನಿಂತರು. 1996ರಿಂದ 1998ರ ‘ಫ್ಯಾಂಟಮ್ ಲೇಡಿ’ ಸರಣಿಯಿಂದ ಆರಂಭಿಸಿ ಚರಿತ್ರೆಯ ಚಿತ್ರಗಳನ್ನೆಲ್ಲ ಮರುಸೃಷ್ಟಿಸಿ ಪ್ರಶ್ನಿಸಿದರು. 2014ರ ಕೊಚ್ಚಿ ಬಿನಾಲೆಯಲ್ಲಿ ಅವರು ವಾಸ್ಕೋ ಡ ಗಾಮನ ವೇಷದಲ್ಲೇ ಕಾಣಿಸಿಕೊಂಡರು. ಪೋರ್ಚುಗೀಸ್ ಕಲಾವಿದ ವೆಲೋಸೊ ಸಲ್ಗಾಡೊ 1898ರಲ್ಲಿ ಬಿಡಿಸಿದ, ಗಾಮ ಕಲ್ಲಿಕೋಟೆಯ ದೊರೆ ಸಾಮೂತಿರಿಯ ಆಸ್ಥಾನಕ್ಕೆ ಬಂದ ದೃಶ್ಯದ ಮರುರೂಪ ಅದು. ನಾಲ್ಕೂವರೆ ಶತಮಾನ ಪೋರ್ಚುಗೀಸರ ಕೈಕೆಳಗಿದ್ದ ಗೋವಾದವರಿಗೆ ಆ ಚಿತ್ರದ ಒಳಗುಟ್ಟು ಬೇಗ ತಿಳಿಯುತ್ತದೆ.

ಸಗಣಿ, ಕುಂಕುಮ, ಮಡಕೆ, ಬಾಡಿಗೆ ವೇಷ. ಬೇರೆ ಬೇರೆಯಾಗಿ ಕೆಲಸ ಮಾಡಿದ ಈ ಮೂವರೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಕಲೆಯ ಸಾಮಗ್ರಿಯನ್ನು ಅಂಗಡಿಯ ಬಣ್ಣದ ಟ್ಯೂಬಿನಿಂದ ಬಿಡಿಸಿ ಬೀದಿಗೂ ಅಡುಗೆಮನೆಗೂ ತಂದರು. ಶೀಲಾ ಮತ್ತು ಪುಷ್ಪಮಾಲಾ ಅವರಿಗೆ ಸಿಕ್ಕ ದೀರ್ಘ ಕಾಲ ರುಮ್ಮಾನಾ ಅವರಿಗೆ ಸಿಗಲಿಲ್ಲ.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2013ರಲ್ಲಿ ಜರ್ಮನಿಯ ಮೋನ್‌ಷೆನ್‌ಗ್ಲಾಡ್‌ಬಾಖ್ ಊರಿನ ಅಬ್ಟೈಬರ್ಗ್ ಮ್ಯೂಸಿಯಂನಲ್ಲಿ, ಆಮೇಲೆ 2015ರಲ್ಲಿ ಮುಂಬೈನ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯದಲ್ಲಿ, ಜಗತ್ತಿನ ಹಲವು ಕಲಾವಿದೆಯರ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಅದರ ಸಂಯೋಜಕರು ಇಡೀ ಪ್ರದರ್ಶನಕ್ಕೆ ರುಮ್ಮಾನಾ ಅವರ ಕೃತಿಯ ಹೆಸರನ್ನೇ ಇಟ್ಟರು: ‘ಇನ್ ಆರ್ಡರ್ ಟು ಜಾಯಿನ್’. 2024ರ ಅಕ್ಟೋಬರಿನಿಂದ 2025ರ ಜನವರಿವರೆಗೆ ಲಂಡನ್ನಿನ ಬಾರ್ಬಿಕನ್ ಕೇಂದ್ರ 1975ರಿಂದ 1998ರವರೆಗಿನ ಭಾರತೀಯ ಕಲೆಯನ್ನು ತೋರಿಸಿದಾಗ, ಅಲ್ಲಿಯೂ ಅವರ ಒಡೆದ ಮಡಕೆಗಳಿಗೆ ಜಾಗವಿತ್ತು.

ಬ್ರಿಸ್ಬೇನ್, ಲಂಡನ್, ಜರ್ಮನಿ ಗುರುತಿಸಿದ ಕಲಾವಿದೆಯನ್ನು ಹುಟ್ಟಿದ ಊರೂ ಗುರುತಿಸಬೇಕು. ಬೆಂಗಳೂರಿನಲ್ಲಿ ಈಗ ಅನುಕೂಲಕ್ಕೆ ಕೊರತೆಯಿಲ್ಲ: ಮಾಣಿಕ್ಯವೇಲು ಮಹಲಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ, ಛಾಯಾಗ್ರಹಣಕ್ಕೆ ವಿಶೇಷ ಒತ್ತು ಕೊಡುವ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಇದೆ. ರುಮ್ಮಾನಾ ಅವರ ಫೋಟೊ, ವಿಡಿಯೊ, ವಸ್ತುಗಳನ್ನು ಒಂದೆಡೆ ತಂದು, ಕನ್ನಡದಲ್ಲಿ ವಿವರ ಬರೆದು, ಶಾಲಾ ಮಕ್ಕಳನ್ನೂ ಕರೆತಂದು ತೋರಿಸುವ ಸಮಗ್ರ ಪ್ರದರ್ಶನವನ್ನು ಈ ಸಂಸ್ಥೆಗಳು ಕೈಗೆತ್ತಿಕೊಳ್ಳಲಿ. ನಮ್ಮ ಲಲಿತಕಲಾ ಅಕಾಡೆಮಿ ಕನ್ನಡದಲ್ಲಿ ಅವರ ಮೇಲೊಂದು ಪುಸ್ತಕ ಹೊರತರಲಿ. ಕಲಾ ಕಾಲೇಜುಗಳು ಭಾರತದ ಇನ್‌ಸ್ಟಲೇಷನ್ ಕಲೆಯ ಪಾಠವನ್ನು ಆರಂಭಿಸುವಾಗ, ಬೆಂಗಳೂರಿನಲ್ಲಿ ಹುಟ್ಟಿದ ಈ ಕಲಾವಿದೆಯ ಹೆಸರನ್ನು ಮೊದಲ ತರಗತಿಯಲ್ಲೇ ಹೇಳಲಿ.